ಕೈ–ಬಾಯಿಯ ಶುಚಿತ್ವ: ರೂಢಿಗಳು ನಡೆದು ಬಂದ ದಾರಿ

ಮಸೀದಿಯಲ್ಲಿ ಹತ್ತು ಜನ ವುಝೂಗೆ ಕುಳಿತರೆ ಹತ್ತು ಬಗೆ ಕಾಣುತ್ತದೆ. ಒಬ್ಬರು ನಳವನ್ನು ಪೂರ್ತಿ ಬಿಟ್ಟು ಪಕ್ಕದವರ ಜೊತೆ ಮಾತಿಗಿಳಿಯುತ್ತಾರೆ. ಇನ್ನೊಬ್ಬರು ಬೆರಳ ತುದಿ ತೋಯಿಸಿ ಎದ್ದೇ ಬಿಡುತ್ತಾರೆ. ಮತ್ತೊಬ್ಬರಿಗೆ ಮೊಣಕೈಯನ್ನು ಏಳೆಂಟು ಸಲ ತೊಳೆದರೂ ಸಮಾಧಾನವಿಲ್ಲ. ಮನೆಯಲ್ಲೂ ಹಾಗೆಯೇ. ಬೇವಿನ ಕಡ್ಡಿ ಜಗಿಯುತ್ತ ಹೊಲದ ಹಾದಿ ಹಿಡಿಯುವವರು, ಇದ್ದಿಲು ಉಪ್ಪು ಕೂಡಿಸಿ ಬೆರಳಿನಿಂದ ಉಜ್ಜುವವರು, ಊಟ ಮುಗಿದ ಮೇಲೆ ತಾಟಿನಲ್ಲೇ ಕೈ ತೊಳೆಯುವವರು. ಇವು ಸಣ್ಣ ರೂಢಿಗಳು ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಇವುಗಳ ಹಿಂದೆ ದೊಡ್ಡ ಇತಿಹಾಸವಿದೆ. ಕುಳಗೇರಿ ಕ್ರಾಸಿನ ನಮ್ಮ ಜುಮಾದಲ್ಲಿ ಹೇಳಿದ ಮಾತುಗಳ ಸಾರವನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಕೊಟ್ಟಿದ್ದೇನೆ.

ಮೊದಲು ಹಲ್ಲಿನ ಮಾತು. ತನ್ನ ಸಮುದಾಯಕ್ಕೆ ಕಷ್ಟವಾಗದಿದ್ದರೆ ಪ್ರತಿ ನಮಾಝಿಗೂ ಮಿಸ್ವಾಕ್ ಮಾಡಲು ಆಜ್ಞಾಪಿಸುತ್ತಿದ್ದೆ ಎಂಬರ್ಥದ ಪ್ರವಾದಿ(ಸ)ರ ಮಾತು ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಮನೆಯೊಳಗೆ ಬಂದ ಕೂಡಲೇ ಅವರು ಮಾಡುತ್ತಿದ್ದ ಮೊದಲ ಕೆಲಸ ಮಿಸ್ವಾಕ್ ಎಂದು ಆಯಿಶಾ(ರ) ತಿಳಿಸಿದ್ದಾರೆ. ಕೊನೆಯ ಕಾಯಿಲೆಯಲ್ಲಿ ಅಬ್ದುರ್ರಹ್ಮಾನ್ ಬಿನ್ ಅಬೂಬಕರ್(ರ)ರ ಕೈಯಲ್ಲಿದ್ದ ಕಡ್ಡಿಯ ಕಡೆ ಪ್ರವಾದಿ(ಸ) ನೋಡಿದರು. ಆಯಿಶಾ(ರ) ಅದನ್ನು ಜಗಿದು ಮೆತ್ತಗೆ ಮಾಡಿ ಕೊಟ್ಟರು. ಈ ಲೋಕದಿಂದ ಹೊರಡುವ ಹೊತ್ತಿನಲ್ಲೂ ಬಾಯಿಯ ಶುಚಿತ್ವ ಅವರ ಗಮನದಲ್ಲಿತ್ತು.

ಮಿಸ್ವಾಕಿನ ಮರವನ್ನು ಅರಬಿಯಲ್ಲಿ ಅರಾಕ್, ಉರ್ದುವಿನಲ್ಲಿ ಪೀಲು ಎನ್ನುತ್ತಾರೆ. ಕನ್ನಡದಲ್ಲಿ ಅದು ಗೋನಿಮರ. ಅದು ಸಿಗದಲ್ಲಿ ಬೇರೆ ಮರದ ಕಡ್ಡಿಯೂ ಆಗುತ್ತದೆ ಎಂದು ಫಿಕ್ಹ್ ವಿದ್ವಾಂಸರು ಹೇಳಿದ್ದಾರೆ. ಕಡ್ಡಿಯೇ ಇಲ್ಲದಾಗ ಬೆರಳೂ ಸಾಕು ಎಂದು ಹನಫಿ ಗ್ರಂಥಗಳಲ್ಲಿದೆ. ಹೀಗಾಗಿ ನಮ್ಮ ಭಾಗದ ಹಿರಿಯರ ಬೇವಿನ ಕಡ್ಡಿಗೂ ಈ ದಾರಿಯಲ್ಲಿ ಜಾಗ ಸಿಕ್ಕಿತು.

ಕೈಯ ವಿಷಯದಲ್ಲೂ ಕಲಿಸಿದ್ದು ಸ್ಪಷ್ಟ. ನಿದ್ದೆಯಿಂದ ಎದ್ದವನು ಮೂರು ಸಲ ಕೈ ತೊಳೆಯದೆ ನೀರಿನ ಪಾತ್ರೆಯೊಳಗೆ ಕೈ ಹಾಕಬಾರದು. ರಾತ್ರಿ ಕೈ ಎಲ್ಲಿತ್ತೋ ಅವನಿಗೆ ಗೊತ್ತಿರುವುದಿಲ್ಲ. ಮುಸ್ಲಿಮ್ ಗ್ರಂಥದಲ್ಲಿ ಬರುವ ಫಿತ್ರತಿನ ಹತ್ತು ಕೆಲಸಗಳಲ್ಲಿ ಬೆರಳ ಗೆಣ್ಣುಗಳನ್ನು ತೊಳೆಯುವುದೂ ಒಂದು. ಕೊಳೆ ಕೂರುವುದು ಆ ಮಡಿಕೆಗಳಲ್ಲೇ ಅಲ್ಲವೇ? ರೊಟ್ಟಿ ಬಡಿಯುವ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ದಖ್ಖನಿನ ಮುಸ್ಲಿಮರು ಈ ಕಲಿಕೆಯನ್ನು ಕಲ್ಲಿನಲ್ಲೂ ಲೋಹದಲ್ಲೂ ಮೂಡಿಸಿದರು. ನಮ್ಮ ಕ್ರಾಸಿನ ಮೇಲೆ ಹಾದು ಹೋಗುವ ಹೆದ್ದಾರಿಯಲ್ಲೇ ಮುಂದೆ ಸಾಗಿದರೆ ವಿಜಯಪುರ. ಅದೂ ಮಳೆ ಕಡಿಮೆಯ ನಾಡು. ಆದಿಲ್‌ಶಾಹಿಗಳು ತೊರವಿಯಿಂದ ನೆಲದಡಿಯ ಸುರಂಗದಲ್ಲಿ ಊರಿಗೆ ನೀರು ತಂದರು, 1620ರಲ್ಲಿ ತಾಜ್ ಬಾವಡಿ, 1651ರಲ್ಲಿ ಬೇಗಂ ತಲಾಬ್ ಕಟ್ಟಿದರು. ಇಬ್ರಾಹಿಂ ರೋಜಾದಲ್ಲಿ ಗೋರಿಗೂ ಮಸೀದಿಗೂ ನಡುವೆ ಹೌಝ್ ಇದೆ. ಬೀದರಿನ ಕುಶಲಕರ್ಮಿಗಳು ಕಪ್ಪು ಲೋಹದಲ್ಲಿ ಬೆಳ್ಳಿ ಕೂಡಿಸಿ ಕೈ ತೊಳೆಯುವ ಹೂಜಿ, ಬೋಗುಣಿಗಳನ್ನು ಮಾಡಿದರು. ದಸ್ತರ್‌ಖಾನಿನ ಮುಂದೆ ಕುಳಿತ ಅತಿಥಿಗಳ ಬಳಿಗೆ ಆಫ್ತಾಬಾ, ಚಿಲಮ್‌ಚಿ ತಂದು ಕೈ ತೊಳೆಸುವುದು ಮರ್ಯಾದೆಯ ಗುರುತಾಗಿತ್ತು. ಈಗಿನ ಮದುವೆಗಳಲ್ಲಿ ಟಿಶ್ಯೂ ಪೇಪರ್ ಆ ಜಾಗಕ್ಕೆ ಬಂದಿದೆ.

ಯುರೋಪಿನ ಆಸ್ಪತ್ರೆಗಳು ಕೈ ತೊಳೆಯುವುದನ್ನು ಬಹಳ ತಡವಾಗಿ ಕಲಿತವು. 1847ರಲ್ಲಿ ವಿಯೆನ್ನಾದ ಆಸ್ಪತ್ರೆಯಲ್ಲಿ ಇಗ್ನಾಝ್ ಸೆಮ್ಮೆಲ್‌ವೈಸ್ ಎಂಬ ವೈದ್ಯರು ಒಂದು ವಿಷಯ ಗಮನಿಸಿದರು. ಹೆಣ ಕೊಯ್ದ ಕೈಯಲ್ಲೇ ವೈದ್ಯರು ಹೆರಿಗೆ ಮಾಡಿಸುತ್ತಿದ್ದ ವಾರ್ಡಿನಲ್ಲಿ ಬಾಣಂತಿಯರು ಹೆಚ್ಚಾಗಿ ಸಾಯುತ್ತಿದ್ದರು, ಸೂಲಗಿತ್ತಿಯರ ವಾರ್ಡಿನಲ್ಲಿ ಕಡಿಮೆ. ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯುವ ನಿಯಮ ತಂದರು. ಆ ವರ್ಷದ ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಕೆಲವೇ ತಿಂಗಳಲ್ಲಿ ಸುಮಾರು ಎರಡಕ್ಕೆ ಇಳಿಯಿತು. ಆದರೂ ಹಲವು ವೈದ್ಯರು ಒಪ್ಪಲಿಲ್ಲ. ತಮ್ಮ ಕೈಯೇ ಕೊಳಕು ಎಂಬ ಮಾತು ಅವರಿಗೆ ಅವಮಾನವೆನಿಸಿತು. ಸೆಮ್ಮೆಲ್‌ವೈಸ್ 1865ರಲ್ಲಿ ಮಾನಸಿಕ ಆಸ್ಪತ್ರೆಯಲ್ಲಿ ತೀರಿಕೊಂಡರು. 2020ರ ಮಾರ್ಚ್‌ನಲ್ಲಿ ಕೊರೊನಾದ ದೇಶದ ಮೊದಲ ಸಾವು ನಮ್ಮ ಕಲಬುರಗಿಯಿಂದಲೇ ವರದಿಯಾಯಿತು. ಆಗ ಮತ್ತೆ ಎಲ್ಲರ ಬಾಯಲ್ಲೂ ಕೈ ತೊಳೆಯಿರಿ ಎಂಬುದೇ ಮಾತು. ಆ ಭಯ ಹೋದ ಮೇಲೆ ರೂಢಿಯೂ ಹೋಯಿತೇ ಎಂದು ಪ್ರತಿ ಮನೆಯವರೂ ಕೇಳಿಕೊಳ್ಳಲಿ.

ಕನ್ನಡ ನಾಡಿನ ಹಲ್ಲುಪುಡಿಗೂ ಒಂದು ಕಥೆಯಿದೆ. 1913ರಲ್ಲಿ ಬಿ.ವಿ. ಪಂಡಿತರು ನಂಜನಗೂಡಿನಲ್ಲಿ ಸದ್ವೈದ್ಯಶಾಲೆ ಆರಂಭಿಸಿದರು. ಅಲ್ಲಿಂದ ಬಂದ ನಂಜನಗೂಡು ಹಲ್ಲುಪುಡಿ ಜಾತಿ ಧರ್ಮ ನೋಡದೆ ಎಲ್ಲರ ಬಚ್ಚಲಿಗೂ ಹೋಯಿತು. ನೈಲಾನ್ ಎಳೆಯ ಬ್ರಶ್ ಬಂದದ್ದೇ 1938ರಲ್ಲಿ. ಬ್ರಶ್ ಇರಲಿ, ಕಡ್ಡಿ ಇರಲಿ, ಬಾಯಿ ಶುಚಿಯಾಗುವುದು ಮುಖ್ಯ. ಮಿಸ್ವಾಕನ್ನು ಸುನ್ನತ್ತೆಂಬ ಪ್ರೀತಿಯಿಂದ ಬಳಸುವವರಿಗೆ ಅದರ ಪುಣ್ಯವೂ ಇದೆ.

ಆದರೆ ಆದರಣೀಯರೇ, ಒಂದು ರೂಢಿಯ ಬಗ್ಗೆ ಮೆತ್ತಗೆ ಮಾತಾಡಲು ಆಗದು. ತಂಬಾಕನ್ನು ಹಂಚಿನ ಮೇಲೆ ಕಪ್ಪಗೆ ಹುರಿದು ಪುಡಿ ಮಾಡಿ, ಮಿಶ್ರಿ ಎಂದು ಹಲ್ಲಿಗೆ ತಿಕ್ಕುತ್ತಾರೆ. ಹೆಚ್ಚಾಗಿ ಹೆಂಗಸರು, ಮನೆಯೊಳಗೆ, ಯಾರಿಗೂ ಕಾಣದಂತೆ. ಹಲ್ಲುನೋವಿಗೆಂದು ಶುರುವಾಗಿ ಚಟವಾಗಿ ನಿಲ್ಲುತ್ತದೆ. ಇದು ಹಲ್ಲುಜ್ಜುವುದಲ್ಲ, ಬಾಯಿಯ ಕ್ಯಾನ್ಸರನ್ನು ಕರೆಯುವುದು. ಬಸುರಿಯಾದವಳು ತಿಕ್ಕಿದರೆ ಕೂಸಿನ ತೂಕ ಕಡಿಮೆಯಾಗುತ್ತದೆ. ಹಲ್ಲುಪುಡಿ, ಪೇಸ್ಟ್‌ಗಳಲ್ಲಿ ತಂಬಾಕು ಸೇರಿಸುವುದನ್ನು ಕೇಂದ್ರ ಸರ್ಕಾರ 1992ರಲ್ಲೇ ನಿಷೇಧಿಸಿತು. ಕರ್ನಾಟಕ 2013ರಲ್ಲಿ ಗುಟ್ಕಾ ನಿಲ್ಲಿಸಿತು. ಆದರೆ ಮನೆಯ ಹಂಚಿನ ಮೇಲೆ ಯಾವ ಕಾನೂನು ಕಾವಲು ಕೂರುತ್ತದೆ? ತಮ್ಮ ಕೈಯಿಂದಲೇ ತಮ್ಮನ್ನು ನಾಶಕ್ಕೆ ತಳ್ಳಿಕೊಳ್ಳಬಾರದೆಂದು ಕುರ್‌ಆನ್ ಎಚ್ಚರಿಸುತ್ತದೆ. ಕಾವಲು ನಾವೇ ಆಗಬೇಕು. ಗದರಿಸಿ ಅಲ್ಲ, ದವಾಖಾನೆಗೆ ಜೊತೆಯಾಗಿ ಹೋಗಿ.

ಇನ್ನೊಂದು ತುದಿಯಲ್ಲಿ ವಸ್ವಾಸಿನ ಕಷ್ಟವಿದೆ. ತೊಳೆದದ್ದನ್ನೇ ತೊಳೆಯುತ್ತ ಜಮಾಅತ್ ತಪ್ಪಿಸಿಕೊಳ್ಳುವವರನ್ನು ನೋಡಿ ನಗುವುದು ಸರಿಯಲ್ಲ. ಕ್ರಿ.ಶ. 934ರಲ್ಲಿ ತೀರಿಕೊಂಡ ಅಬೂ ಝೈದ್ ಅಲ್‌ಬಲ್ಖೀ ತಮ್ಮ ಗ್ರಂಥದಲ್ಲಿ ವಸ್ವಾಸನ್ನು ಮನಸ್ಸಿನ ಕಾಯಿಲೆಗಳ ಜೊತೆ ಇಟ್ಟು ಚಿಕಿತ್ಸೆ ಬರೆದರು. 1223ರಲ್ಲಿ ತೀರಿಕೊಂಡ ಇಬ್ನು ಖುದಾಮಾ ಇದೇ ವಿಷಯಕ್ಕೆ ಒಂದು ಪುಸ್ತಕವನ್ನೇ ಮೀಸಲಿಟ್ಟರು. ವುಝೂವಿನಲ್ಲಿ ಮೂರು ಸಲಕ್ಕಿಂತ ಹೆಚ್ಚು ತೊಳೆಯುವುದು ಮಿತಿ ಮೀರುವುದೆಂದು ಹದೀಸ್ ಹೇಳಿದ ಮೇಲೆ ಮನಸ್ಸಿಗೆ ಅಷ್ಟು ಸಾಕು ಎಂದು ಹೇಳಿಕೊಳ್ಳಬೇಕು. ಹೇಳಿದರೂ ಕೇಳದಿದ್ದರೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಇವೆ. ಅಲ್ಲಿಗೆ ಹೋಗುವುದರಲ್ಲಿ ಈಮಾನಿಗೆ ಕೊರತೆಯೇನೂ ಇಲ್ಲ.

ಕೊನೆಗೆ ನೀರಿನ ಲೆಕ್ಕ. ಪ್ರವಾದಿ(ಸ) ಒಂದು ಮುದ್ದ್ ನೀರಿನಲ್ಲಿ ವುಝೂ ಮುಗಿಸುತ್ತಿದ್ದರು. ಮದ್‌ಹಬ್‌ಗಳ ಅಳತೆಯಲ್ಲಿ ಸ್ವಲ್ಪ ಹೆಚ್ಚು ಕಡಿಮೆ ಇದ್ದರೂ ಅದು ಲೀಟರಿನ ಆಸುಪಾಸಿನಲ್ಲೇ ಮುಗಿಯುತ್ತದೆ. ಮಲಪ್ರಭೆ ಬೇಸಿಗೆಯಲ್ಲಿ ಬತ್ತುವುದನ್ನೂ 2019ರಲ್ಲಿ ಉಕ್ಕಿ ಬಂದದ್ದನ್ನೂ ಕಂಡ ನಮಗೆ ನೀರಿನ ಬೆಲೆ ತಿಳಿದಿರಬೇಕು. ಮುಂದಿನ ಜುಮಾಕ್ಕೆ ಮನೆಯಿಂದ ಒಂದು ಲೀಟರಿನ ತಂಬಿಗೆ ತಂದು ವುಝೂ ಮಾಡಿ ನೋಡಿ, ಮಕ್ಕಳಿಗೂ ಮಾಡಿಸಿ. ಗೆಣ್ಣುಗಳು ನೆನೆಯಲಿ, ಬಾಯಿ ಮುಕ್ಕಳಿಸಲಿ, ನೀರು ಉಳಿಯಲಿ.

ಅಲ್ಲಾಹನು ನಮ್ಮ ಕೈ, ಬಾಯಿ, ಮನಸ್ಸು ಮೂರನ್ನೂ ಶುಚಿಯಾಗಿಡಲಿ. ಆಮೀನ್.