ಬಿಚ್ಚಿ ಕಟ್ಟುವ ಥೇಟರು

ಕನ್ನಡ ರಂಗಮಂದಿರಗಳ ಚರಿತ್ರೆ ಬರೆಯುವವರು ಮೈಸೂರಿನ ಜಗನ್ಮೋಹನ ಅರಮನೆಯಿಂದ ಹೊರಟು ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರಕ್ಕೆ ಬಂದು ನಿಲ್ಲುವುದು ವಾಡಿಕೆ. ಕಲ್ಲುಗಾರೆಯ ಕಟ್ಟಡ ಕಣ್ಣೆದುರೇ ಇರುವುದರಿಂದ ಕೆಲಸ ಸಲೀಸು. ಆದರೆ ಜಗನ್ಮೋಹನದ ಸಭಾಂಗಣದಲ್ಲೇ 1902ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಅಧಿಕಾರ ವಹಿಸಿಕೊಟ್ಟದ್ದು. ದರ್ಬಾರು ನಡೆಯುತ್ತಿದ್ದ ಇಂಥ ಕಡೆ ನಾಟಕ ಒಬ್ಬ ಅತಿಥಿ ಮಾತ್ರ. ನಾಟಕಕ್ಕೆಂದೇ ಎದ್ದು, ನಾಟಕವನ್ನೇ ತಿದ್ದಿದ ಕಟ್ಟಡ ಯಾವುದೆಂದು ಕೇಳಿದರೆ ನನ್ನ ಉತ್ತರ: ಊರೂರು ಸುತ್ತುವ ನಾಟಕ ಕಂಪನಿಗಳ ಬಿದಿರು, ತಗಡು, ತಟ್ಟಿಗಳ ಥೇಟರು.

ಅದು ತಿದ್ದಿದ್ದು ಹೇಗೆಂಬುದನ್ನು ರಂಗದ ಒಳಗೇ ನೋಡಬೇಕು. ಮುಂದಿನ ಪರದೆಗೂ ಹಿಂದಿನ ಪರದೆಗೂ ನಡುವೆ ಆಳವಾದ ಜಾಗ. ಅದನ್ನು ಅಡ್ಡಕ್ಕೆ ಸೀಳುವಂತೆ ಬೀದಿ, ಕಾಡು, ಉದ್ಯಾನದ ಚಿತ್ರಗಳಿರುವ ಪರದೆಗಳು ಇಳಿಯುತ್ತವೆ. ಬೀದಿಯ ಪರದೆ ಇಳಿದಾಗ ನಟರಿಗೆ ಉಳಿಯುವುದು ಮುಂದಿನ ಕಿರಿದಾದ ಪಟ್ಟಿ. ಹಾಸ್ಯದವರು ಅಲ್ಲಿ ಜನರನ್ನು ನಗಿಸುತ್ತಿರುವಾಗ ಹಿಂದೆ ಸದ್ದಿಲ್ಲದೆ ದರ್ಬಾರು ಸಜ್ಜಾಗುತ್ತದೆ. ಗಂಭೀರ ಕಥೆಯ ನಡುವೆ ಹಾಸ್ಯ ತುರುಕುತ್ತಾರೆಂದು ವಿಮರ್ಶಕರು ಮೂಗು ಮುರಿದದ್ದುಂಟು. ಆ ಹಾಸ್ಯದಲ್ಲಿ ಜನರ ರುಚಿಯಷ್ಟೇ ಅಲ್ಲ, ಕಟ್ಟಡದ ಅಗತ್ಯವೂ ಇತ್ತು. ಪರದೆಯ ಈ ಏರ್ಪಾಡು ಪಾರ್ಸಿ ಮತ್ತು ಮರಾಠಿ ಕಂಪನಿಗಳಿಂದ ಬಂದ ಸಾಲ ಎನ್ನಬಹುದು. ನಿಜ, ಸಾಲವೇ. 1870ರ ದಶಕದಲ್ಲಿ ಗದಗದ ಶಾಂತಕವಿಗಳು ಕನ್ನಡ ನಾಟಕಕ್ಕೆ ಕೈಹಾಕಿದ್ದೂ ಮರಾಠಿ ಮಂಡಳಿಗಳ ಅಬ್ಬರಕ್ಕೆ ಎದುರಾಗಿಯೇ. ಆದರೆ ಇಡೀ ಥೇಟರನ್ನೇ ಮೊಕ್ಕಾಂನಿಂದ ಮೊಕ್ಕಾಂಗೆ ಹೊತ್ತು ತಿರುಗಿ ನಮ್ಮ ಕಂಪನಿಗಳು ಆ ಸಾಲವನ್ನು ಹಳ್ಳಿಯ ಜಾತ್ರೆಯವರೆಗೂ ಮುಟ್ಟಿಸಿದವು.

ತಗಡು ಬಡತನದ ಗುರುತು, ಅದಕ್ಕೇಕೆ ವಾಸ್ತುಶಿಲ್ಪದ ಮರ್ಯಾದೆ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿ. ಮಳೆ ಬಿದ್ದರೆ ತಗಡಿನ ಸದ್ದಿಗೆ ಮಾತು ಕೇಳದು, ಬೇಸಿಗೆಯಲ್ಲಿ ಒಳಗೆ ಕೂರಲಾಗದು, ಬೆಂಕಿಯ ಭಯವಂತೂ ಇದ್ದೇ ಇತ್ತು. ಇದನ್ನೆಲ್ಲ ಒಪ್ಪಲೇಬೇಕು. ಆದರೂ 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ, ವೀರಣ್ಣನವರ ಕಾಲದಲ್ಲಿ ‘ಕುರುಕ್ಷೇತ್ರ’ಕ್ಕೆ ಆನೆ ಕುದುರೆಗಳನ್ನೇ ರಂಗಕ್ಕೆ ತಂದಷ್ಟು ಸಿರಿವಂತವಾದ ಮೇಲೂ ಊರೂರು ಸುತ್ತುವುದನ್ನು ಬಿಡಲಿಲ್ಲ. ಲೆಕ್ಕ ಸರಳ: ಒಂದು ಊರಿನಲ್ಲಿ ಟಿಕೆಟ್ ಕೊಳ್ಳುವ ಜನ ಕೆಲವು ತಿಂಗಳಲ್ಲಿ ಮುಗಿಯುತ್ತಾರೆ, ಗಲ್ಲಾಪೆಟ್ಟಿಗೆ ಬರಿದಾಗುವ ಮುನ್ನ ಕಂಪನಿ ಹೊರಡಬೇಕು, ಥೇಟರೂ ಜೊತೆಗೆ ಹೊರಡಬೇಕು.

ಟಾಗೋರರ ಜನ್ಮಶತಾಬ್ದಿಯ ನೆನಪಿಗೆ ಎದ್ದು 1963ರಲ್ಲಿ ತೆರೆದ ಕಲಾಕ್ಷೇತ್ರವೂ ಆಮೇಲಿನ ಜಿಲ್ಲಾ ರಂಗಮಂದಿರಗಳೂ ಈ ಲೆಕ್ಕಕ್ಕೆ ಹೊಂದಲಿಲ್ಲ. ಅವು ದಿನಬಾಡಿಗೆಯ ಸಭಾಂಗಣಗಳು: ಬೆಳಗ್ಗೆ ಸನ್ಮಾನ, ಸಂಜೆ ನಾಟಕ. ಹವ್ಯಾಸಿ ತಂಡಕ್ಕೆ ಅಷ್ಟು ಸಾಕು. ಒಂದೇ ನಾಟಕವನ್ನು ವಾರಗಟ್ಟಲೆ ಆಡುತ್ತ, ರಂಗದ ಹಿಂದೆಯೇ ಒಲೆ ಹೂಡಿ ಸಂಸಾರ ಮಾಡುವ ಕಂಪನಿಯವರಿಗೆ ಅಲ್ಲಿ ಜಾಗವೆಲ್ಲಿ? ಬಾದಾಮಿ ಬಳಿಯ ಬನಶಂಕರಿ ಜಾತ್ರೆಗೆ ಕಂಪನಿಗಳು ಇವತ್ತಿಗೂ ತಮ್ಮ ತಗಡು, ಗಳಗಳನ್ನು ತಾವೇ ಹೇರಿಕೊಂಡು ಬರುತ್ತವೆ.