ಮೂರು ಪಾಲಿನ ಕಟ್ಟಳೆ

ನಮ್ಮೂರು ಮದ್ದೂರಿನ ಕಡೆ, ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದಲ್ಲಿದೆ. ಇಲ್ಲಿ ಎಕರೆಗೆ ಎಷ್ಟು ಮೂಟೆ ಭತ್ತ ಎಂಬುದನ್ನು ಮಣ್ಣಿಗಿಂತ ಹೆಚ್ಚಾಗಿ ಮೇಲಿನ ತೂಬುಗಳೇ ತೀರ್ಮಾನಿಸುತ್ತವೆ. ನೀರು ತಡವಾದರೆ ಪೈರು ಒಟ್ಲಿನಲ್ಲೇ ಬಲಿಯುತ್ತದೆ. ಬಲಿತ ಪೈರು ನಾಟಿ ಮಾಡಿದರೆ ತೆಂಡೆ ಹೊಡೆಯುವುದು ಕಡಿಮೆ. ಆಮೇಲೆ ಎಷ್ಟು ಗೊಬ್ಬರ ಸುರಿದರೂ ಅಷ್ಟಕ್ಕಷ್ಟೇ.

ನಾಲೆ ಬರುವ ಮುಂಚೆ ಮಂಡ್ಯ ಸೀಮೆಯ ಬಹುಪಾಲು ಖುಷ್ಕಿ. ರಾಗಿ, ಹುರುಳಿ, ಮಳೆ ಬಂದರೆ ಉಂಟು. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆಯ ಕೆಲಸ 1930ರ ದಶಕದ ಆರಂಭಕ್ಕೆ ಮುಗಿಯಿತು. ಹುಲಿಕೆರೆಯಲ್ಲಿ ಸುರಂಗ ಕೊರೆದು ನಾಲೆ ಹರಿಸಿದರು. ಈಗಿನ ವಿಶ್ವೇಶ್ವರಯ್ಯ ನಾಲೆಗೆ ಆಗ ಇರ್ವಿನ್ ನಾಲೆ ಎಂದು ಹೆಸರು.

ಎಲ್ಲರೂ ಕಟ್ಟೆಯನ್ನು ಹೊಗಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ನೀರು ಹಂಚಲು ಮಾಡಿದ ಬ್ಲಾಕ್ ಪದ್ಧತಿ. ವಿಶ್ವೇಶ್ವರಯ್ಯನವರು ಮುಂಬಯಿ ಪ್ರಾಂತ್ಯದ ನೀರಾ ನಾಲೆಯಲ್ಲಿ ಮೊದಲೇ ರೂಪಿಸಿದ್ದ ಪದ್ಧತಿ ಅದು. ಜಮೀನನ್ನು ಮೂರು ಪಾಲು ಮಾಡಿ ಒಂದಕ್ಕೆ ಕಬ್ಬು, ಒಂದಕ್ಕೆ ಭತ್ತ, ಇನ್ನೊಂದಕ್ಕೆ ರಾಗಿಯಂಥ ಅರೆ ಖುಷ್ಕಿ ಬೆಳೆ. ವರ್ಷ ತಿರುಗಿದಂತೆ ಬೆಳೆಯೂ ತಿರುಗಬೇಕು. ಇದ್ದ ನೀರು ಹೆಚ್ಚು ಊರುಗಳನ್ನು ಮುಟ್ಟಬೇಕು, ಭೂಮಿ ಜೌಗು ಹಿಡಿಯಬಾರದು ಎಂಬುದು ಉದ್ದೇಶ.

ಬೆಳೆದದ್ದನ್ನು ಕೊಳ್ಳುವವರೂ ಬೇಕಲ್ಲ. ಕೆನಡಾದಿಂದ ಬಂದು ಮೈಸೂರಿನ ಕೃಷಿ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅವರ ಮುತುವರ್ಜಿಯಿಂದ 1933ರಲ್ಲಿ ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ಬಂತು. ರಾಗಿಯ ಪಾಲಿಗೂ ನೆರವು ಸಿಕ್ಕಿತು: ಪಕ್ಕದ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ ಮುಂದೆ ರಾಗಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿಯನ್ನು ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟರು. ತೀರಾ ಸಣ್ಣ ಹೂವಿನಲ್ಲಿ ಪರಾಗಸ್ಪರ್ಶ ಮಾಡಿಸುವ ಕೆಲಸ ಅದು. ಒಂದು ಆಯುಷ್ಯವನ್ನೇ ಅವರು ಅದಕ್ಕೆ ಕೊಟ್ಟರು.

ಆದರೆ ನ್ಯಾಯಬೆಲೆ ಅಂಗಡಿ ದಶಕಗಟ್ಟಲೆ ಮುಖ್ಯವಾಗಿ ಅಕ್ಕಿಯನ್ನೇ ಕೊಟ್ಟಿತು. ರಾಗಿ ಕೇಳುವವರು ಕಡಿಮೆಯಾದರು. ನೀರು ಸಿಕ್ಕಿದ ರೈತ ದುಡ್ಡು ಬರುವ ಬೆಳೆಯನ್ನೇ ಹಾಕುತ್ತಾನೆ. ನಾನಾದರೂ ಅದನ್ನೇ ಮಾಡುತ್ತಿದ್ದೆ. ಮೂರು ಪಾಲಿನ ಕಟ್ಟಳೆ ಸಡಿಲಾಯಿತು, ಅದನ್ನು ಬಿಗಿ ಮಾಡುವ ಧೈರ್ಯ ಯಾವ ಸರ್ಕಾರಕ್ಕೂ ಬರಲಿಲ್ಲ. ಮೇಲಿನ ಗದ್ದೆಗಳಲ್ಲಿ ಭತ್ತದ ಮೇಲೆ ಭತ್ತ. ಕೆಳಗೆ ನಾವು ರಾತ್ರಿ ಟಾರ್ಚ್ ಹಿಡಿದು ನಾಲೆ ಏರಿಯ ಮೇಲೆ ನೀರು ಕಾಯುತ್ತೇವೆ.

ಈಗ ರಾಗಿಗೆ ಬೆಂಬಲ ಬೆಲೆಯಿದೆ, ಸರ್ಕಾರವೇ ಖರೀದಿಸುತ್ತದೆ. ಹಾಗಾಗಿ ಆ ಕಟ್ಟಳೆಯನ್ನು ಮತ್ತೆ ಬಿಗಿ ಮಾಡಲು ಇದೇ ಸಮಯ. ನಾಲೆಗೆ ಸಿಮೆಂಟು ಹಾಕಿದರಷ್ಟೇ ಸಾಲದು. ನೀರು ಬಿಡುವ ಮುಂಚೆ ಬೆಳೆ ನಿಗದಿ ಮಾಡಿ, ಹಂಚಿಕೆಯ ಲೆಕ್ಕವನ್ನು ಕೊನೆಯ ತೂಬಿನಿಂದ ಶುರು ಮಾಡಿ. ನಾಲೆ ಬಯಲಿನ ರೈತರೆಲ್ಲ ಸೇರಿ ಸರ್ಕಾರವನ್ನು ಕೇಳಬೇಕಾದ್ದು ಇದನ್ನೇ.