ಗೃಹಸೌರವಿದ್ಯುತ್ತು: ಅದರ ಇತಿಹಾಸವೂ ಮೂಲಧನದ ವಿಚಾರವೂ

೧

ನಮ್ಮ ನಾಡಿನ ಶಿಲಾಶಾಸನಗಳನ್ನು ಓದಿ ಬಳಕೆಯುಳ್ಳವರಿಗೆ ನಂದಾದೀವಿಗೆಯ ದತ್ತಿಗಳು ಅಪರಿಚಿತವಲ್ಲ. ದೇವರ ಸನ್ನಿಧಿಯಲ್ಲಿ ಆರದೆ ಉರಿಯತಕ್ಕ ದೀಪಕ್ಕಾಗಿ ಒಬ್ಬನು ಭೂಮಿಯನ್ನು ಬಿಡುವನು. ಮತ್ತೊಬ್ಬನು ಗದ್ಯಾಣಗಳನ್ನು ಇಡುವನು. ತೆಲ್ಲಿಗರು ತಮ್ಮ ಗಾಣಗಳಿಂದ ಇಷ್ಟಿಷ್ಟು ಎಣ್ಣೆ ಸಲ್ಲತಕ್ಕದ್ದೆಂದು ಗೊತ್ತುಮಾಡಿಕೊಳ್ಳುವರು. ಹೊನ್ನನ್ನು ಇಟ್ಟ ಕಡೆಗಳಲ್ಲಿ ಮೂಲವನ್ನು ಮುಟ್ಟದೆ ಬಡ್ಡಿಯಿಂದಲೇ ಎಣ್ಣೆಯನ್ನು ನಡೆಯಿಸಬೇಕೆಂಬ ಕಟ್ಟು ಕಾಣಬರುತ್ತದೆ. ಈ ದತ್ತಿಗಳನ್ನು ಭಕ್ತಿಯ ದೃಷ್ಟಿಯಿಂದ ಓದುವುದು ವಾಡಿಕೆ. ಅರ್ಥವ್ಯವಹಾರದ ದೃಷ್ಟಿಯಿಂದ ಓದಿದರೆ ಅವುಗಳಲ್ಲಿ ಮತ್ತೊಂದು ತತ್ತ್ವವೂ ಗೋಚರವಾಗುವುದು. ಬೆಳಕು ದಿನದಿನದ ವೆಚ್ಚ. ಆ ವೆಚ್ಚವನ್ನು ಒಮ್ಮೆಗೇ ಇಟ್ಟ ಮೂಲಧನದಿಂದ ಬಹುಕಾಲ ನಿರ್ವಹಿಸಬಹುದು. ಆದರೆ ಮೊದಲು ಆ ಮೂಲಧನವನ್ನು ಇಡುವವನೊಬ್ಬನು ಬೇಕು.

ಮನೆಯ ಮಾಳಿಗೆಯ ಮೇಲೆ ಬಿಸಿಲಿನಿಂದ ವಿದ್ಯುತ್ತನ್ನು ಹುಟ್ಟಿಸುವ ಸೌರಫಲಕವು ಇದೇ ಜಾತಿಗೆ ಸೇರಿದ್ದು. ಅದಕ್ಕೆ ಸೌದೆ ಬೇಡ, ಎಣ್ಣೆ ಬೇಡ. ಸೂರ್ಯನು ಲೆಕ್ಕವನ್ನು ಕೇಳುವವನಲ್ಲ. ವೆಚ್ಚವೆಲ್ಲವೂ ಬಹುಮಟ್ಟಿಗೆ ಮೊದಲ ದಿನದ್ದೇ. ಉಳಿದ ಇಪ್ಪತ್ತು ಇಪ್ಪತ್ತೈದು ವರ್ಷಗಳ ಕಾಲ ಬರುವುದು ಬಡ್ಡಿ. ಗುಡಿಯ ದೀಪಕ್ಕೆ ದಾತನು ಮೂಲವನ್ನಿಟ್ಟನು. ಬಡವನ ಮನೆಯ ದೀಪಕ್ಕೆ ಇಡುವವರಾರು? ಈ ಲೇಖನದ ವಿಷಯವು ಇಷ್ಟೇ.

ವಿಚಾರಕ್ಕೆ ಮೊದಲು ಎರಡು ಮಾತುಗಳನ್ನು ಬೇರ್ಪಡಿಸಿಕೊಳ್ಳಬೇಕಾಗಿದೆ. ಕನ್ನಡದಲ್ಲಿ ‘ಅಗ್ಗ’ವೆಂಬುದು ವಸ್ತುವಿನ ಧರ್ಮ, ‘ಎಟುಕುವುದು’ ಎಂಬುದು ವಸ್ತುವಿಗೂ ಕೈಗೂ ಇರುವ ಸಂಬಂಧ. ಹಣ್ಣು ತಾನು ಕೆಳಗೆ ಬಾಗಬಹುದು. ಇಲ್ಲವೆ ಕೀಳುವವನ ಕಾಲಕೆಳಗೆ ಒಂದು ಮಣೆಯನ್ನಿಡಬಹುದು. ಸೌರವಿದ್ಯುತ್ತಿನ ಇತಿಹಾಸದಲ್ಲಿ ಈ ಎರಡೂ ನಡೆದಿವೆ. ಮೊದಲನೆಯದನ್ನು ಎಲ್ಲರೂ ಹೇಳುವರು. ಎರಡನೆಯದು ಬಹುಪಾಲು ನಮ್ಮ ನಾಡಿನಲ್ಲಿಯೇ ನಡೆದಿದ್ದರೂ ನಮ್ಮವರು ಅದನ್ನು ತಕ್ಕಷ್ಟು ಗಮನಿಸಿದಂತೆ ತೋರುವುದಿಲ್ಲ.

೨

ಬೆಳಕು ಬಿದ್ದಾಗ ಕೆಲವು ಪದಾರ್ಥಗಳಲ್ಲಿ ವಿದ್ಯುತ್ಪ್ರವಾಹವು ಹುಟ್ಟುವುದೆಂಬುದನ್ನು ೧೮೩೯ನೆಯ ಇಸವಿಯಲ್ಲಿ ಫ್ರಾನ್ಸಿನ ಎಡ್ಮಂಡ್ ಬೆಕೆರೆಲ್ ಎಂಬ ೧೯ ವರ್ಷದ ತರುಣನು ಕಂಡುಹಿಡಿದನು. ೧೮೭೬ರಲ್ಲಿ ಇಂಗ್ಲೆಂಡಿನ ಆಡಮ್ಸ್ ಮತ್ತು ಡೇ ಎಂಬವರು ಸೆಲೀನಿಯಂ ಎಂಬ ಘನಪದಾರ್ಥದಲ್ಲಿ ಅದೇ ಧರ್ಮವನ್ನು ತೋರಿಸಿದರು. ೧೮೮೩ರಲ್ಲಿ ನ್ಯೂಯಾರ್ಕಿನ ಚಾರ್ಲ್ಸ್ ಫ್ರಿಟ್ಸ್ ಎಂಬವನು ಸೆಲೀನಿಯಮ್ಮಿನ ಮೇಲೆ ಅತಿ ತೆಳುವಾದ ಚಿನ್ನದ ರೇಕನ್ನು ಹೊದಿಸಿ ಫಲಕವೊಂದನ್ನು ರಚಿಸಿದನು. ಬಿದ್ದ ಬೆಳಕಿನ ನೂರು ಪಾಲಿನಲ್ಲಿ ಸುಮಾರು ಒಂದು ಪಾಲು ಮಾತ್ರ ಅದರಲ್ಲಿ ವಿದ್ಯುತ್ತಾಗುತ್ತಿತ್ತು. ಚಿನ್ನವನ್ನು ಹೊದಿಸಿದ ದೀಪವು ಬಡವನ ಮನೆಗೆ ಬಾರದೆಂಬುದನ್ನು ಹೇಳಬೇಕಾದುದಿಲ್ಲ.

ಇದೇ ಕಾಲದಲ್ಲಿ, ೧೮೭೮ರಲ್ಲಿ, ಮುಂಬಯಿಯಲ್ಲಿದ್ದ ವಿಲಿಯಂ ಆಡಮ್ಸ್ ಎಂಬ ಮತ್ತೊಬ್ಬ ಆಂಗ್ಲೇಯನು ಕನ್ನಡಿಗಳಿಂದ ಬಿಸಿಲನ್ನು ಒಂದೆಡೆ ಕೂಡಿಸಿ ಅಡಿಗೆ ಮಾಡುವ ಮತ್ತು ಉಗಿಯಂತ್ರವನ್ನು ನಡೆಯಿಸುವ ತನ್ನ ಪ್ರಯೋಗಗಳನ್ನು ಗ್ರಂಥರೂಪವಾಗಿ ಪ್ರಕಟಿಸಿದನು. ಉಷ್ಣದೇಶಗಳಲ್ಲಿ ಸೌದೆಗೂ ಕಲ್ಲಿದ್ದಲಿಗೂ ಬದಲಾಗಿ ಬಿಸಿಲನ್ನು ಉಪಯೋಗಿಸಬಹುದೆಂಬುದು ಆತನ ವಾದ. ಅದು ವಿದ್ಯುತ್ತಿನ ಮಾರ್ಗವಲ್ಲ, ಶಾಖದ ಮಾರ್ಗ. ಆದರೂ ಈ ದೇಶದ ಬಿಸಿಲನ್ನು ಐಶ್ವರ್ಯವೆಂದು ಎಣಿಸಿದವರಲ್ಲಿ ಆತನನ್ನು ನೆನೆಯುವುದು ನ್ಯಾಯ.

ಈಗಿನ ಫಲಕದ ನಿಜವಾದ ಜನನವು ೧೯೫೪ರಲ್ಲಿ. ಅಮೆರಿಕೆಯ ಬೆಲ್ ಪ್ರಯೋಗಶಾಲೆಯಲ್ಲಿ ಚೇಪಿನ್, ಫುಲ್ಲರ್, ಪಿಯರ್ಸನ್ ಎಂಬ ಮೂವರು ಸಿಲಿಕಾನಿನಿಂದ ಸೌರಕೋಶವನ್ನು ಮಾಡಿ ಆ ವರ್ಷದ ಏಪ್ರಿಲ್ ತಿಂಗಳಲ್ಲಿ ಲೋಕಕ್ಕೆ ತೋರಿಸಿದರು. ನೂರಕ್ಕೆ ಸುಮಾರು ಆರು ಪಾಲು ಬೆಳಕು ಅದರಲ್ಲಿ ವಿದ್ಯುತ್ತಾಯಿತು. ಪತ್ರಿಕೆಗಳು ಹೊಸಯುಗವನ್ನು ಸಾರಿದುವು. ಆದರೆ ಕಂಡುಹಿಡಿದವನೇ ಮೊದಲು ಲೆಕ್ಕವನ್ನು ಹಾಕಿದನು. ೧೯೫೬ರಲ್ಲಿ ಒಂದು ವಾಟಿನ ಕೋಶಕ್ಕೆ ೨೮೬ ಡಾಲರು ಬೀಳುತ್ತಿದ್ದುದರಿಂದ, ಅಮೆರಿಕೆಯ ಸಾಧಾರಣವಾದ ಒಂದು ಮನೆಗೆ ಬೇಕಾಗುವಷ್ಟು ಫಲಕಗಳಿಗೆ ೧೪ ಲಕ್ಷ ೩೦ ಸಾವಿರ ಡಾಲರುಗಳಾಗುವುವೆಂದು ಚೇಪಿನ್ ಗಣಿಸಿದನು. ವಸ್ತುವು ಸಿದ್ಧವಾಗಿತ್ತು, ಮನೆಯು ಮಾತ್ರ ಬಹುದೂರದಲ್ಲಿತ್ತು.

೩

ಹೀಗಿರಲು ಬೆಲೆಯನ್ನು ವಿಚಾರಿಸದ ಗಿರಾಕಿಯೊಬ್ಬನು ದೊರೆತನು. ಆಕಾಶಕ್ಕೆ ಹಾರಿಸಿದ ಉಪಗ್ರಹಕ್ಕೆ ಎಣ್ಣೆಯನ್ನು ಹೊಯ್ಯುವವರಿಲ್ಲ. ೧೯೫೮ರಲ್ಲಿ ಅಮೆರಿಕೆಯ ವ್ಯಾನ್‌ಗಾರ್ಡ್ ಉಪಗ್ರಹವು ಸೌರಕೋಶಗಳನ್ನು ಹೊತ್ತು ಮೇಲೇರಿತು. ಮುಂದೆ ಸುಮಾರು ಹದಿನೈದು ವರ್ಷಗಳ ಕಾಲ ಈ ವಿದ್ಯೆಯನ್ನು ಮುಖ್ಯವಾಗಿ ಆಕಾಶವೇ ಸಾಕಿತು. ೧೯೭೦ರ ದಶಕದ ಮೊದಲಲ್ಲಿ ಎಲಿಯಟ್ ಬರ್ಮನ್ ಎಂಬವನು ಕಡಮೆ ದರ್ಜೆಯ ಸಿಲಿಕಾನನ್ನು ಬಳಸಿ, ವಾಟಿಗೆ ೧೦೦ ಡಾಲರಿದ್ದ ಬೆಲೆಯನ್ನು ೨೦ ಡಾಲರಿಗೆ ಇಳಿಸಿದನು. ೧೯೭೩ರಲ್ಲಿ ಅರಬ್ ದೇಶಗಳ ತೈಲನಿರ್ಬಂಧದಿಂದ ಎಣ್ಣೆಯ ಬೆಲೆ ಏರಲು, ರಾಜ್ಯಗಳ ದೃಷ್ಟಿಯು ಬಿಸಿಲಿನ ಕಡೆಗೆ ತಿರುಗಿತು. ನಮ್ಮ ದೇಶದಲ್ಲಿಯೂ ಆ ದಶಕದ ಕೊನೆಯಲ್ಲಿ ಸೌರಕೋಶಗಳ ತಯಾರಿಕೆ ಆರಂಭವಾಯಿತು. ೧೯೮೨ರಲ್ಲಿ ಅಸಾಂಪ್ರದಾಯಿಕ ಶಕ್ತಿಮೂಲಗಳಿಗಾಗಿ ಕೇಂದ್ರಸರ್ಕಾರವು ಪ್ರತ್ಯೇಕವಾದ ಇಲಾಖೆಯನ್ನು ಸ್ಥಾಪಿಸಿತು.

ಆಕಾಶದಿಂದ ಮಾಳಿಗೆಗೆ ಈ ವಿದ್ಯೆಯನ್ನು ಇಳಿಸಿದ ಕೀರ್ತಿಯಲ್ಲಿ ಜಪಾನಿಗೂ ಜರ್ಮನಿಗೂ ಹೆಚ್ಚಿನ ಪಾಲು ಸಲ್ಲತಕ್ಕದ್ದು. ಜರ್ಮನಿಯು ೧೯೯೦ರಲ್ಲಿ ಸಾವಿರ ಮಾಳಿಗೆಗಳ ಯೋಜನೆಯನ್ನೂ, ಜಪಾನು ೧೯೯೪ರಲ್ಲಿ ಮನೆಗಳಿಗೆ ಸಹಾಯಧನವನ್ನೂ ಆರಂಭಿಸಿದುವು. ೨೦೦೦ದಲ್ಲಿ ಜರ್ಮನಿಯು ಮಾಡಿದ ಕಾನೂನಿನಂತೆ, ಮಾಳಿಗೆಯಲ್ಲಿ ಹುಟ್ಟಿದ ವಿದ್ಯುತ್ತನ್ನು ಇಪ್ಪತ್ತು ವರ್ಷಗಳವರೆಗೆ ಗೊತ್ತಾದ ಹೆಚ್ಚಿನ ದರದಲ್ಲಿ ಕೊಳ್ಳಲೇಬೇಕಾಯಿತು; ಆ ಹೆಚ್ಚಳವನ್ನು ಅಲ್ಲಿನ ವಿದ್ಯುತ್ ಬಳಕೆದಾರರು ತಮ್ಮ ಬಿಲ್ಲುಗಳಲ್ಲಿ ತೆತ್ತರು. ಗಿರಾಕಿಯು ಸ್ಥಿರವಾದುದರಿಂದ ಕಾರ್ಖಾನೆಗಳು ಬೆಳೆದುವು. ಚೀನಾದೇಶವು ಅವುಗಳನ್ನು ಬಹುದೊಡ್ಡ ಪ್ರಮಾಣದಲ್ಲಿ ಕಟ್ಟಿತು. ಲೋಕದಲ್ಲಿ ಸ್ಥಾಪಿತವಾದ ಫಲಕಗಳ ಒಟ್ಟು ಮೊತ್ತವು ಇಮ್ಮಡಿಯಾದಾಗಲೆಲ್ಲ ಬೆಲೆಯು ಸುಮಾರು ಐದರಲ್ಲೊಂದು ಪಾಲು ಇಳಿಯುತ್ತ ಬಂದಿರುವುದನ್ನು ಲೆಕ್ಕಿಗರು ತೋರಿಸಿರುವರು. ೨೦೧೯ರ ಡಾಲರಿನ ಲೆಕ್ಕದಲ್ಲಿ ವಾಟೊಂದಕ್ಕೆ ೧೯೭೬ರಲ್ಲಿ ಸುಮಾರು ೧೦೬ ಡಾಲರಿದ್ದುದು ೨೦೧೯ರಲ್ಲಿ ೩೮ ಸೆಂಟಿಗೆ ಬಂದಿತು. ಜರ್ಮನಿಯ ಗೃಹಸ್ಥನು ತನ್ನ ಬಿಲ್ಲಿನಲ್ಲಿ ತೆತ್ತ ಹೆಚ್ಚಿನ ಹಣವು, ಅವನು ಕಾಣದ ಊರುಗಳ ದೀಪಗಳಿಗೆ ಇಟ್ಟ ಮೂಲಧನವೂ ಆಯಿತು. ಇದು ಹಣ್ಣು ಕೆಳಗೆ ಬಾಗಿದ ಕಥೆ. ಇನ್ನು ಮಣೆಯನ್ನಿಟ್ಟ ಕಥೆಯನ್ನು ಹೇಳಬೇಕಾಗಿದೆ.

೪

ಮೈಸೂರು ಸಂಸ್ಥಾನದಲ್ಲಿ ೧೯೦೨ರಲ್ಲಿ ಶಿವನಸಮುದ್ರದ ಜಲಪಾತದಿಂದ ಹುಟ್ಟಿದ ವಿದ್ಯುತ್ತು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗಳಿಗೆ. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದುವು. ಹಳ್ಳಿಯ ಸರದಿಯು ಎಲ್ಲಕ್ಕೂ ಕೊನೆಯದು. ತಂತಿಯು ಊರಿಗೆ ಬಂದರೂ ಮನೆಗೆ ಬಾರದು. ಮನೆಗೆ ಬಂದರೂ ಸಂಜೆಗೆ ಇರದು. ನಾನು ಪಾಠಶಾಲೆಯಲ್ಲಿ ಕೌಮುದಿಯನ್ನು ಓದುತ್ತಿದ್ದ ದಿನಗಳಲ್ಲಿ ನಮ್ಮ ರಾತ್ರಿಯ ಆವೃತ್ತಿಯು ಎಷ್ಟು ಹೊತ್ತು ನಡೆಯಬೇಕೆಂಬುದನ್ನು ಲಾಂದ್ರದಲ್ಲಿದ್ದ ಸೀಮೆಎಣ್ಣೆಯು ನಿರ್ಣಯಿಸುತ್ತಿತ್ತು. ಬೆಳಗ್ಗೆ ಮೂಗಿನಲ್ಲಿ ಮಸಿ. ತಿಂಗಳ ಕೊನೆಯಲ್ಲಿ ಎಣ್ಣೆಗಾಗಿ ಅಂಗಡಿಯ ಮುಂದೆ ಸಾಲು. ಆಗ ನನಗೆ ತೋರದ ಒಂದು ಸಂಗತಿ ಈಗ ತೋರುತ್ತಿದೆ: ಬಡವರು ಬೆಳಕಿಗೆ ಹಣವನ್ನು ಕೊಡುತ್ತಲೇ ಇದ್ದರು. ಅವರಲ್ಲಿ ಇಲ್ಲದುದು ಬೆಲೆಯಲ್ಲ, ಒಟ್ಟಿಗೆ ಇಡತಕ್ಕ ಗಂಟು.

ಈ ಮರ್ಮವನ್ನು ಹಿಡಿದು ಕೆಲಸಮಾಡಿದುದು ೧೯೯೫ರಲ್ಲಿ ಸ್ಥಾಪಿತವಾದ ಸೆಲ್ಕೋ ಎಂಬ ಸಂಸ್ಥೆ. ಅದರ ಸ್ಥಾಪಕರಲ್ಲೊಬ್ಬರಾದ ಹರೀಶ್ ಹಂದೆಯವರು ಅಮೆರಿಕೆಯಲ್ಲಿ ಇದೇ ವಿಷಯದಲ್ಲಿ ವ್ಯಾಸಂಗಮಾಡಿ ಬಂದು, ನಾಲ್ಕು ದೀಪಗಳಿಗೆ ಸಾಲುವ ಸಣ್ಣ ಫಲಕ, ಬ್ಯಾಟರಿಗಳನ್ನು ಹಳ್ಳಿಯ ಮನೆಗಳಿಗೆ ಕೂಡಿಸತೊಡಗಿದರು. ಆಗ ಫಲಕದ ಬೆಲೆಯು ಇಂದಿನಂತೆ ಇಳಿದಿರಲಿಲ್ಲ. ಆದುದರಿಂದ ಅವರು ಫಲಕವನ್ನು ಮಾರುವುದಕ್ಕಿಂತ ಮೊದಲು ಬ್ಯಾಂಕಿನ ಬಾಗಿಲನ್ನು ತಟ್ಟಬೇಕಾಯಿತು. ಮನೆಯ ದೀಪಕ್ಕಾಗಿ ಸಾಲವೆಂಬುದು ಬ್ಯಾಂಕುಗಳಿಗೆ ಹೊಸಮಾತು: ಎಮ್ಮೆಯು ಹಾಲನ್ನು ಕೊಡುವುದು, ಹೊಲವು ಬೆಳೆಯನ್ನು ಕೊಡುವುದು, ದೀಪವು ಏನನ್ನು ಕೊಟ್ಟೀತು? ಧಾರವಾಡದ ಅಂದಿನ ಮಲಪ್ರಭಾ ಗ್ರಾಮೀಣ ಬ್ಯಾಂಕು ಈ ಸಾಲವನ್ನು ಮೊದಲು ಕೊಟ್ಟವುಗಳಲ್ಲಿ ಒಂದು. ೨೦೦೩ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ನೆರವಿನಿಂದ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳು ಕಡಮೆ ಬಡ್ಡಿಯ ಸೌರಸಾಲವನ್ನು ಆರಂಭಿಸಿದುವು; ಕೆಲವೇ ವರ್ಷಗಳಲ್ಲಿ ೧೮,೦೦೦ಕ್ಕೂ ಹೆಚ್ಚು ಮನೆಗಳು ಅದರಿಂದ ಬೆಳಕನ್ನು ಪಡೆದುವು.

ಈ ಕಾಲದ ಒಂದು ಪ್ರಸಂಗವನ್ನು ಹಂದೆಯವರು ಹೇಳುವುದುಂಟು. ತಿಂಗಳಿಗೆ ೩೦೦ ರೂಪಾಯಿ ತನಗೆ ಹೊರೆಯೆಂದೂ, ದಿನಕ್ಕೆ ೧೦ ರೂಪಾಯಿಯಾದರೆ ಕೊಡಬಲ್ಲೆನೆಂದೂ ಬೀದಿಯಲ್ಲಿ ವ್ಯಾಪಾರಮಾಡುವ ಹೆಂಗಸೊಬ್ಬಳು ಅವರಿಗೆ ತಿಳಿಸಿದಳಂತೆ. ಗಣಿತದಲ್ಲಿ ಎರಡೂ ಒಂದೇ. ಸಂಸಾರದಲ್ಲಿ ಒಂದೇ ಅಲ್ಲ. ದಿನಗೂಲಿಯವನ ಕೈಗೆ ಹಣವು ದಿನದಿನ ಬರುವುದು, ರೈತನಿಗೆ ಸುಗ್ಗಿಯಲ್ಲಿ ಬರುವುದು, ನೌಕರನಿಗೆ ತಿಂಗಳ ಮೊದಲಲ್ಲಿ ಬರುವುದು. ಹಣವು ಬರುವ ಹೆಜ್ಜೆಗೆ ಕಂತಿನ ಹೆಜ್ಜೆಯು ಹೊಂದಬೇಕು.

ಇದು ನಮ್ಮ ಕರಾವಳಿಗೆ ಹೊಸತಲ್ಲವೆಂಬುದು ಇಲ್ಲಿ ಸ್ಮರಣೀಯ. ೧೯೨೫ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾಂತ ಸಂಸ್ಥೆಯು ೧೯೨೮ರಲ್ಲಿಯೇ ಪಿಗ್ಮಿ ಠೇವಣಿಯನ್ನು ಆರಂಭಿಸಿ, ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಂತಹ ಅಲ್ಪಮೊತ್ತವನ್ನು ಕೂಡಿಸುತ್ತಿತ್ತು. ಪಿಗ್ಮಿಯಲ್ಲಿ ಚಿಲ್ಲರೆಯು ಗಂಟಾಗುವುದು. ಸೌರಸಾಲದಲ್ಲಿ ಗಂಟು ಮೊದಲು ಬಂದು ಆಮೇಲೆ ಚಿಲ್ಲರೆಯಾಗಿ ಹಿಂದಿರುಗುವುದು. ಎರಡರ ತತ್ತ್ವವೂ ಒಂದೇ. ಹಂದೆಯವರಿಗೆ ೨೦೧೧ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿಯು ಬಂದುದು ಅವರ ಯಂತ್ರಕ್ಕಾಗಿ ಮಾತ್ರವಲ್ಲ; ಬಡವರಿಗೆ ಅದನ್ನು ಎಟುಕಿಸಿದ ವಿಧಾನಕ್ಕಾಗಿಯೂ ಎಂದು ತಿಳಿಯತಕ್ಕದ್ದು. ನೆರೆಯ ಬಾಂಗ್ಲಾದೇಶವೂ ೨೦೦೩ರಿಂದ ಇದೇ ಕಂತಿನ ಮಾರ್ಗವನ್ನು ಹಿಡಿದು ೪೦ ಲಕ್ಷಕ್ಕೂ ಮೇಲ್ಪಟ್ಟು ಮನೆಗಳಿಗೆ ಸೌರದೀಪವನ್ನು ಮುಟ್ಟಿಸಿತು.

೫

ಇಲ್ಲಿ ಪೂರ್ವಪಕ್ಷಗಳುಂಟು. ಅಂದಿನ ಮಾತು ಅಂದಿಗೆ. ಇಂದು ಎಲ್ಲೆಲ್ಲಿಯೂ ತಂತಿಯಿದೆ, ಫಲಕವು ಅಗ್ಗವಾಗಿದೆ, ಸರ್ಕಾರವು ಸಹಾಯಧನವನ್ನು ಕೊಡುತ್ತಿದೆ. ಇನ್ನು ಎಟುಕದಿರುವುದೇನೆಂದು ಒಬ್ಬನು ಕೇಳಬಹುದು.

ಸಮಾಧಾನವು ಲೆಕ್ಕದಲ್ಲಿಯೇ ಇದೆ. ೨೦೨೪ರ ಫೆಬ್ರವರಿಯಲ್ಲಿ ಕೇಂದ್ರಸರ್ಕಾರವು ೭೫,೦೨೧ ಕೋಟಿ ರೂಪಾಯಿಗಳ ಗಾತ್ರದಲ್ಲಿ ಒಂದು ಕೋಟಿ ಮನೆಗಳನ್ನು ಉದ್ದೇಶಿಸಿ ಪಿ.ಎಂ. ಸೂರ್ಯಘರ್ ಯೋಜನೆಯನ್ನು ಅಂಗೀಕರಿಸಿತು. ಮೂರು ಕಿಲೋವಾಟಿನ ಸಲಕರಣೆಗೆ ಆಗ ಗಣಿಸಿದ ಮೂಲಬೆಲೆ ೧,೪೫,೦೦೦ ರೂಪಾಯಿ, ಸಹಾಯಧನ ೭೮,೦೦೦, ಉಳಿದದ್ದು ೬೭,೦೦೦. ನಮ್ಮ ನಾಡಿನ ಬಿಸಿಲಿನಲ್ಲಿ ಅದು ದಿನಕ್ಕೆ ಸುಮಾರು ೧೨ ಯೂನಿಟ್ಟುಗಳನ್ನು ಕೊಡಬಲ್ಲುದು. ಹಗಲು ಮಿಕ್ಕದ್ದು ತಂತಿಗೆ ಹೋಗಿ, ರಾತ್ರಿ ಬೇಕಾದುದು ತಂತಿಯಿಂದ ಬರುವುದರಿಂದ, ಹಿಂದೆ ಕೆಲವು ವರ್ಷಗಳಿಗೊಮ್ಮೆ ಬದಲಾಯಿಸಬೇಕಾಗಿದ್ದ ಬ್ಯಾಟರಿಯ ಹೊರೆಯೂ ಇಲ್ಲ. ತಿಂಗಳು ತಿಂಗಳು ದೊಡ್ಡ ಬಿಲ್ಲನ್ನು ತೆರುವ ಗೃಹಸ್ಥನಿಗೆ ಇದು ಕೆಲವೇ ವರ್ಷಗಳಲ್ಲಿ ತೀರುವ ಋಣ. ಆದರೆ ಕಡಮೆ ಬಿಲ್ಲಿನವನಿಗೆ ಆ ೬೭,೦೦೦ವೇ ಬೆಟ್ಟ. ಯೋಜನೆಯಲ್ಲಿ ಜಾಮೀನಿಲ್ಲದ ಸಾಲದ ಅನುಕೂಲವನ್ನು ಸೇರಿಸಿರುವುದೇ, ಸಹಾಯಧನವೊಂದರಿಂದ ಕೆಲಸವು ಮುಗಿಯದೆಂಬುದಕ್ಕೆ ಪ್ರಮಾಣ.

ಹಿಂದಿನ ಅನುಭವವೂ ಹೀಗೆಯೇ ಹೇಳುತ್ತದೆ. ೨೦೧೫ರಲ್ಲಿ ಕೇಂದ್ರಸರ್ಕಾರವು ೨೦೨೨ರೊಳಗೆ ಒಂದು ಲಕ್ಷ ಮೆಗಾವಾಟಿನ ಸೌರಶಕ್ತಿಯನ್ನೂ, ಅದರಲ್ಲಿ ೪೦,೦೦೦ ಮೆಗಾವಾಟನ್ನು ಮಾಳಿಗೆಗಳ ಮೇಲೂ ಸಾಧಿಸಬೇಕೆಂದು ಗೊತ್ತುಮಾಡಿತು. ಬಯಲುಗಳಲ್ಲಿ ದೊಡ್ಡ ದೊಡ್ಡ ಸೌರವನಗಳು ಎದ್ದುವು. ನಮ್ಮ ಪಾವಗಡದ ಬರಡುಸೀಮೆಯಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು ೧೩,೦೦೦ ಎಕರೆಗಳಲ್ಲಿ ೨,೦೫೦ ಮೆಗಾವಾಟಿನ ಸೌರವನವು ಪೂರ್ಣವಾಯಿತು. ಮಾಳಿಗೆಯ ಗುರಿಯಾದರೋ ಗಡುವಿನೊಳಗೆ ಅರ್ಧವೂ ನೆರವೇರಲಿಲ್ಲ. ಫಲಕವು ಎರಡೆಡೆಯಲ್ಲಿಯೂ ಒಂದೇ ಜಾತಿಯದು, ಸೂರ್ಯನೂ ಒಬ್ಬನೇ. ಭೇದಕ್ಕೆ ಕಾರಣಗಳು ಹಲವಿದ್ದರೂ ಮುಖ್ಯವಾದುದು ಇದು: ದೊಡ್ಡ ಸಂಸ್ಥೆಗೆ ಮೂಲಧನವು ಸುಲಭವಾಗಿ ದೊರೆಯುವುದು, ಗೃಹಸ್ಥನಿಗೆ ದೊರೆಯದು.

ಎರಡನೆಯ ಪೂರ್ವಪಕ್ಷವು ಇನ್ನೂ ಸೂಕ್ಷ್ಮವಾದುದು. ಕರ್ನಾಟಕದಲ್ಲಿ ೨೦೨೩ರಿಂದ ಗೃಹಜ್ಯೋತಿಯೆಂಬ ಯೋಜನೆಯಂತೆ, ಮನೆಗಳಿಗೆ ಅವುಗಳ ಹಿಂದಿನ ಬಳಕೆಯನ್ನು ಅನುಸರಿಸಿ ತಿಂಗಳಿಗೆ ೨೦೦ ಯೂನಿಟ್ಟಿನ ಮಿತಿಯೊಳಗೆ ವಿದ್ಯುತ್ತನ್ನು ಉಚಿತವಾಗಿ ಕೊಡಲಾಗಿದೆ. ಬಿಲ್ಲೇ ಇಲ್ಲದವನು ಫಲಕವನ್ನೇಕೆ ಇಡಬೇಕು? ಇದಕ್ಕೆ ಉತ್ತರವು ಸುಲಭವಲ್ಲ. ಉಚಿತವಾದ ದೀಪವು ಬಡವನಿಗೆ ನಿಜವಾದ ಉಪಕಾರ. ಅದನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಆದರೆ ಅದು ವರ್ಷವರ್ಷವೂ ರಾಜ್ಯದ ಬೊಕ್ಕಸದಿಂದ ಹೊಯ್ಯತಕ್ಕ ಎಣ್ಣೆ. ಅದೇ ಹಣದ ಒಂದು ಭಾಗವನ್ನು ಬಡವರ ಮಾಳಿಗೆಗಳ ಮೇಲೆ ಮೂಲವಾಗಿ ಇಟ್ಟರೆ, ದೀಪವೂ ಉರಿದೀತು, ಮುಂದೆ ವರ್ಷವರ್ಷದ ಹೊರೆಯೂ ಇಳಿದೀತು. ಗದ್ಯಾಣಗಳನ್ನಿಟ್ಟು ನಂದಾದೀವಿಗೆಯನ್ನು ನಡೆಯಿಸಿದವರು ಈ ಭೇದವನ್ನು ಚೆನ್ನಾಗಿ ಬಲ್ಲವರಾಗಿದ್ದರು.

ಮೂರನೆಯದು ಪೂರ್ವಪಕ್ಷವಲ್ಲ, ನ್ಯೂನತೆ. ಒಂದು ಕಿಲೋವಾಟಿಗೆ ಸುಮಾರು ನೂರು ಚದರಡಿ ನೆರಳಿಲ್ಲದ ಮಾಳಿಗೆ ಬೇಕು. ಬಾಡಿಗೆಯ ಮನೆಯವನಿಗೆ ಮಾಳಿಗೆಯು ತನ್ನದಲ್ಲ. ಗುಡಿಸಲಿನವನ ಮಾಡು ಫಲಕವನ್ನು ಹೊರಲಾರದು. ಸಾಲವೂ ಸಹಾಯಧನವೂ ಇವರನ್ನು ಮುಟ್ಟುವುದಿಲ್ಲ. ಶಾಲೆ, ಪಂಚಾಯಿತಿಗಳ ಮಾಳಿಗೆಯಲ್ಲಿ ಹುಟ್ಟಿದ ವಿದ್ಯುತ್ತಿನಲ್ಲಿ ಇವರಿಗೂ ಪಾಲನ್ನು ಬರೆಯುವ ಮಾರ್ಗವನ್ನು ವಿಸ್ತರಿಸಿದಲ್ಲದೆ ಈ ನ್ಯೂನತೆಯು ಪರಿಹಾರವಾಗದು.

೬

ಒಟ್ಟಿನಲ್ಲಿ ಹೇಳುವುದಾದರೆ, ವಿಜ್ಞಾನಿಗಳೂ ಕಾರ್ಖಾನೆಗಳೂ ಪರದೇಶದ ಬಳಕೆದಾರರೂ ಕೂಡಿ ಫಲಕವನ್ನು ಅಗ್ಗಮಾಡಿದರು. ಅದನ್ನು ಎಟುಕಿಸುವ ವಿದ್ಯೆಯನ್ನು ಧಾರವಾಡ ಉಡುಪಿಗಳ ಕಡೆಯ ಬ್ಯಾಂಕುಗಳೂ, ದಿನಕ್ಕೆ ಹತ್ತು ರೂಪಾಯಿಯೆಂದು ಲೆಕ್ಕ ಹೇಳಿದ ಆ ಹೆಂಗಸೂ ಕಲಿಸಿದರು. ಮೊದಲನೆಯದನ್ನು ಸಾಧಿಸಿದೆವೆಂದು ಎರಡನೆಯದನ್ನು ಮರೆತರೆ, ಬಿಲ್ಲಿನ ಭಾರವನ್ನು ತಾಳಬಲ್ಲವರ ಮಾಳಿಗೆಗಳು ಮಾತ್ರ ಬೆಳಗುವುವು.

ಶಾಸನಗಳ ಕೊನೆಯಲ್ಲಿ, ಧರ್ಮವನ್ನು ಪಾಲಿಸಿದವರಿಗೆ ಪುಣ್ಯವನ್ನೂ ಕೆಡಿಸಿದವರಿಗೆ ಪಾಪವನ್ನೂ ಹೇಳುವುದು ಪದ್ಧತಿ. ಅಂತಹ ಮಾತನ್ನಾಡುವ ಅಧಿಕಾರವು ನನಗಿಲ್ಲ. ಲಾಂದ್ರದ ಎಣ್ಣೆ ತೀರಿದೊಡನೆ ಪುಸ್ತಕವನ್ನು ಮುಚ್ಚಿದ ಒಬ್ಬ ವಿದ್ಯಾರ್ಥಿಯಾಗಿ ಮಾತ್ರ ಇದನ್ನು ವಿದ್ವಾಂಸರ ವಿಚಾರಕ್ಕೆ ಒಪ್ಪಿಸಿರುತ್ತೇನೆ.